ನಾಲ್ಕು ಪಾಲಾದ ನೀಲಿ ಸಾಲು

ಮೂಡಬಿದ್ರೆ
೨ ಮೇ ೧೯೬೧

ತಮ್ಮ ಸುಧಾಕರನಿಗೆ ಅಕ್ಕ ಪ್ರಫುಲ್ಲಾಳ ಆಶೀರ್ವಾದ.

೧೯೫೮ನೇ ಇಸವಿ ಮೇ ತಿಂಗಳಲ್ಲಿ, ದೈವಕ್ಕೆ ವರ್ಷದ ತಂಬಿಲದ ಸೇವೆ ಕೊಟ್ಟ ಮರುದಿನ ಬೆಳಿಗ್ಗೆ, ನರಿಕೊಂಬಿನ ನಮ್ಮ ಮನೆಯ ಚಾವಡಿಯಲ್ಲಿ, ಒಂದೇ ಸಾಲಾಗಿದ್ದ ನಾಲ್ಕು ನೀಲಿ ಅಂಚೆಚೀಟಿಗಳನ್ನು ಬಿಸಿನೀರಿನಲ್ಲಿ ನೆನೆಸಿ, ಕಾಗದದಿಂದ ಕಿತ್ತು, ಕತ್ತರಿಯಿಂದ ತುಂಡು ಮಾಡಿ ಹಂಚಲಾಯಿತು. ಕತ್ತರಿ ಹಿಡಿದವರು ನಿನ್ನ ಮುಂಡಪ್ಪ ಭಾವ. ಹಿಡಿಯಿರಿ ಎಂದವಳು ಅವರ ಹೆಂಡತಿ, ನನ್ನ ತಂಗಿ ಸರಸ. ಸುಮ್ಮನೆ ಕೂತವಳು ನಮ್ಮ ಕೊನೆಯ ತಂಗಿ ಶಶಿಪ್ರಭಾ. ತಡೆಯಬಹುದಾಗಿದ್ದವನು ನೀನು, ಮನೆಯ ಯಜಮಾನ. ನೀನು ತಂಬಿಗೆಯಲ್ಲಿ ಬಿಸಿನೀರು ತಂದುಕೊಟ್ಟೆ.

‘ಅಕ್ಕ ಹಳೆಯದನ್ನು ಬಿಡುವುದೇ ಇಲ್ಲ’ ಎಂದು ನೀನು ಈಗ ಹೆಂಡತಿಗೆ ಹೇಳುತ್ತಿರಬಹುದು. ಹೇಳು. ಮರೆಯುವವರು ಆ ಮನೆಯಲ್ಲಿ ಬೇಕಾದಷ್ಟಿದ್ದಾರೆ, ನೆನಪಿಡುವುದಕ್ಕೆ ಒಬ್ಬಳಾದರೂ ಇರಲಿ.

ನಿನ್ನ ಕಾರ್ಡು ಮೊನ್ನೆ ಸಿಕ್ಕಿತು. ಆ ದಿನದ ನಂತರ ನೀನು ನನಗೆ ಬರೆದ ಮೊದಲ ಕಾಗದ ಅದು. ಅಟ್ಟದ ಎರಡನೆಯ ತಂತಿಯ ಚೀಟಿಗಳನ್ನೂ ಈ ಸಲದ ತಂಬಿಲಕ್ಕೆ ಎಲ್ಲರೂ ಸೇರಿದಾಗ ಹಿಂದಿನ ಹಾಗೆಯೇ ಪಾಲು ಮಾಡುವ ಅಂತ ಉಂಟು, ಆಗ ಒಳ್ಳೆಯ ಬೆಲೆ ಬಂದದ್ದು ನಿನಗೆ ಗೊತ್ತೇ ಉಂಟು, ಬರಲಿಕ್ಕೆ ಆಗದಿದ್ದರೆ ನಿನ್ನ ಪಾಲು ತೆಗೆದಿಡ್ತೇನೆ ಎಂದು ಬರೆದಿದ್ದೀಯ. ಬಾಗಿಲಲ್ಲಿ ನಿಂತು ಒಮ್ಮೆ ಓದಿದೆ, ಒಳಗೆ ಹೋಗಿ ಇನ್ನೊಮ್ಮೆ ಓದಿದೆ. ಬರಹ ಹೊರಗೆ ಕಾಣುವ ಹಾಗೆ ಅದನ್ನು ಗೂಡಿನಲ್ಲಿ ನಿಲ್ಲಿಸಿಟ್ಟೆ, ನಿನ್ನ ಅಕ್ಷರ ಅಲ್ಲವೇ. ಸಿಟ್ಟು ಬಂದದ್ದು ಆಮೇಲೆ.

ಮೊದಲು ಆ ತಂತಿಗಳ ವಿಷಯ. ಅಟ್ಟದ ಜಂತಿಯಿಂದ ಎರಡು ಕಬ್ಬಿಣದ ತಂತಿಗಳು ತೂಗುತ್ತಿದ್ದದ್ದು ನಿನಗೂ ನೆನಪಿರಬೇಕು. ಕೆಳತುದಿಯನ್ನು ಬಾಗಿಸಿ ಕೊಕ್ಕೆ ಮಾಡಿದ್ದರು. ಹಿರಿಯ ನೋಣಯ್ಯಜ್ಜ ಬಂಟ್ವಾಳದಿಂದ ದೋಣಿಯಲ್ಲಿ ಮಂಗಳೂರಿಗೆ, ಅಲ್ಲಿಂದ ಹಾಯಿಹಡಗಿನಲ್ಲಿ ತಲಚೇರಿಗೆ ಅಕ್ಕಿ ಕಳಿಸುತ್ತಿದ್ದ ಕಾಲದಲ್ಲಿ ಬಂದ ಕಾಗದಗಳನ್ನೆಲ್ಲ ಓದಿ, ಚುಚ್ಚಿ, ಅದಕ್ಕೆ ಏರಿಸಿದ್ದರು. ಆಗ ಲಕೋಟೆ ಇರಲಿಲ್ಲ. ಬರೆದ ಹಾಳೆಯನ್ನೇ ಮಡಚಿ, ಅಂಟಿಸಿ, ಅದರ ಬೆನ್ನ ಮೇಲೆ ವಿಳಾಸ ಬರೆದು ಚೀಟಿ ಹಚ್ಚುತ್ತಿದ್ದರು. ಎಲ್ಲ ಕಾಗದಗಳ ತೂತೂ ಎಡಗಡೆಯ ಕೆಳಮೂಲೆಯಲ್ಲೇ ಇತ್ತು. ಯಾಕೆಂದು ನಾನು ಕೇಳಿದಾಗ ದೊಡ್ಡ ಮಾವ ಚಿನ್ನಯ್ಯ ಶೆಟ್ಟರು ನಕ್ಕು ಹೇಳಿದ್ದರು: “ಮೇಲೆ ರಾಣಿಯ ಮುಖ ಉಂಟಲ್ಲ ಮಗಾ. ಅದಕ್ಕೆ ತಂತಿ ಕುತ್ತಿದರೆ ಕಂಪೆನಿಯವರು ಬಂದು ಹಿಡ್ಕೊಂಡು ಹೋದಾರು ಅಂತ ನೋಣಯ್ಯಜ್ಜನಿಗೆ ಹೆದರಿಕೆ.” ಆ ಹೆದರಿಕೆಯ ದೆಸೆಯಿಂದ ನೂರು ವರ್ಷ ಒಂದು ಚೀಟಿಗೂ ಗಾಯವಾಗಲಿಲ್ಲ. ರಾಣಿಯ ಸರಕಾರ ಹೋಯಿತು, ಹೆದರಿಕೆ ಹೋಯಿತು, ಕತ್ತರಿ ಬಂತು.

ನಿಮಗೆಲ್ಲ ಅಟ್ಟವೆಂದರೆ ಜೇಡ ಮತ್ತು ಧೂಳು. ನನಗೆ ಅಕ್ಷರ ಬಂದದ್ದು ಅಲ್ಲಿ. ದೊಡ್ಡ ಮಾವ ತಂತಿಯನ್ನು ಇಳಿಸಿ ಮೊಣಕಾಲ ಮೇಲಿಟ್ಟುಕೊಂಡು, ಒಂದೊಂದು ಕಾಗದದ ಹಳೆಯ ಮೋಡಿ ಅಕ್ಷರದ ಮೇಲೆ ನನ್ನ ಬೆರಳಿಟ್ಟು ಓದಿಸುತ್ತಿದ್ದರು. ಹೆಚ್ಚಿನವು ಅಕ್ಕಿ ನೆನೆದ ಸುದ್ದಿ, ಅಕ್ಕಿಯಲ್ಲಿ ಕಲ್ಲು ಬಂದ ಜಗಳ. ನೀಲಿ ಸಾಲಿನ ಕಾಗದ ಮಾತ್ರ ಬೇರೆ. ಅದನ್ನು ನೋಣಯ್ಯಜ್ಜನ ತಮ್ಮ ತಲಚೇರಿಯಿಂದ ಬರೆದದ್ದು. ವ್ಯಾಪಾರದ ಮಾತೆಲ್ಲ ಮುಗಿದ ಮೇಲೆ ಕೆಳಗೆ ಇಕ್ಕಟ್ಟಿನಲ್ಲಿ ಹೀಗಿತ್ತು: “ಮನೆಯ ಸುದ್ದಿ ಒಂದು ಸಾಲಾದರೂ ಬರೆಸಿ ಕಳಿಸಿರಿ. ಇಲ್ಲಿ ನಮ್ಮ ಮಾತು ಆಡುವವರು ಯಾರೂ ಇಲ್ಲ.” ಅದನ್ನು ಓದುವಾಗ ದೊಡ್ಡ ಮಾವ ಪ್ರತಿ ಸಲ ಕನ್ನಡಕ ತೆಗೆದು ಒರೆಸುತ್ತಿದ್ದರು. ಎಂಟು ವರ್ಷದ ನಾನು ಕನ್ನಡಕಕ್ಕೆ ಧೂಳು ಕೂತಿದೆ ಎಂದುಕೊಂಡಿದ್ದೆ.

ದೊಡ್ಡ ಮಾವ ತೀರಿಕೊಂಡ ಮೇಲೆ ಆ ಚೀಟಿಗಳಿಗೆ ಬೆಲೆ ಇದೆ ಎಂದು ನಿಮಗೆ ಹೇಳಿದವಳು ನಾನೇ. ಶಾಲೆಗೆ ಬರುತ್ತಿದ್ದ ಇಂಗ್ಲಿಷ್ ಮಾಸಪತ್ರಿಕೆಯಲ್ಲಿ ಓದಿದೆ, ಕ್ಯಾಟಲಾಗ್ ತರಿಸಿದೆ, ಬೊಂಬಾಯಿಯಲ್ಲಿ ಅಂಚೆಚೀಟಿ ಹರಾಜು ಹಾಕುವ ಒಂದು ಕಂಪೆನಿಗೆ ಬರೆದೆ. ಮಾರಬಾರದೆಂದು ನಾನು ಎಂದೂ ಹೇಳಲಿಲ್ಲ, ಇದನ್ನು ಚೆನ್ನಾಗಿ ನೆನಪಿಡು. ದೊಡ್ಡ ಮಾವನ ನಂತರ ಅದನ್ನು ಓದುವವರು ಆ ಮನೆಯಲ್ಲಿ ಇಲ್ಲ. ಗೆದ್ದಲಿಗೆ ಹೋಗುವುದಕ್ಕಿಂತ, ಜೋಪಾನ ಮಾಡುವವನ ಕೈಗೆ ಹೋಗಲಿ ಎಂದೇ ನನ್ನ ಮನಸ್ಸಿತ್ತು. ಹೇಗೆ ಮಾರಬೇಕು ಎನ್ನುವುದಷ್ಟೇ ಪ್ರಶ್ನೆ.

ಆ ದಿನ ಚಾವಡಿಯಲ್ಲಿ ಬೊಂಬಾಯಿಯ ಉತ್ತರವನ್ನು ನಾನು ಓದಿ ಅರ್ಥ ಹೇಳಿದೆ. ಚೀಟಿಯನ್ನು ಕಾಗದದಿಂದ ಬಿಡಿಸಬೇಡಿ, ಸಾಲನ್ನು ಕತ್ತರಿಸಬೇಡಿ, ಮುದ್ರೆ ಬಿದ್ದ ಕಾಗದ ಇಡಿಯಾಗಿದ್ದರೇ ಬೆಲೆ, ಇಡಿಯಾಗಿ ರಿಜಿಸ್ಟರ್ ಮಾಡಿ ಕಳಿಸಿ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಮುಂಡಪ್ಪ ಭಾವ ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು: “ಬೊಂಬಾಯಿಯವ ಮತ್ತೆ ಹೇಗೆ ಹೇಳುವುದು? ಎಲ್ಲ ಅವನೊಬ್ಬನ ಕೈಗೇ ಬರಬೇಕಲ್ಲ!” ಸರಸ ಅದಕ್ಕೆ ಜೋಡಿಸಿದಳು: “ಅಂಚೆಚೀಟಿಯನ್ನು ಅಂಚೆಯಲ್ಲಿ ಹಾಕಿ ಕಳಕೊಳ್ಳುವುದಾ ಅಕ್ಕ? ನಿನ್ನದು ಒಳ್ಳೆ ಕಥೆ ಮಾರಾಯ್ತಿ.” ಎಲ್ಲರೂ ನಕ್ಕರು. ನಾನೂ ನಕ್ಕೆ ಅನ್ನಿಸುತ್ತದೆ. ನೀನು ಮಂಗಳೂರಿನ ಹಳೆಸಾಮಾನಿನ ಅಂಗಡಿಯವನಿಗೆ ಒಟ್ಟಾಗಿ ಕೊಟ್ಟುಬಿಡುವ ಎಂದೆ. ಅವನು ನಿನ್ನ ಪರಿಚಯದವನು ಎಂದು ಸರಸಳಿಗೆ ಸಂಶಯ. ಹರಾಜಿಗೆ ಕಳಿಸಿದರೆ ಚೆಕ್ಕು ಯಾರ ಹೆಸರಿಗೆ ಬರಬೇಕು ಎಂದು ಕೇಳಿದಳು. ಯಜಮಾನನ ಹೆಸರಿಗೆ ಎಂದೆ ನೀನು. ಅಲ್ಲಿಗೆ ಕೂತವರಿಗೆಲ್ಲ ಒಂದು ವಿಷಯ ಗೊತ್ತಾಯಿತು. ಒಡಹುಟ್ಟಿದ ನಾಲ್ವರಲ್ಲಿ ಯಾರೊಬ್ಬರ ಹೆಸರಿನ ಮೇಲೂ ಉಳಿದವರಿಗೆ ನಂಬಿಕೆ ಇಲ್ಲ.

ಉಪಾಯ ಹೊಳೆದದ್ದು ಮುಂಡಪ್ಪ ಭಾವನಿಗೆ. ದೊಡ್ಡ ಮಾವನ ಕಾಲದಲ್ಲಿ ನೆಲ ಪಾಲಾದಾಗ ಸ್ನಾನದ ಮನೆಯ ದೊಡ್ಡ ಹಂಡೆಯನ್ನು ಒಡೆದು, ತಾಮ್ರವನ್ನು ತೂಗಿ ಹಂಚಿದ್ದರಲ್ಲ, ಹಾಗೆ ಮಾಡುವ, ಅವರವರ ಪಾಲು ಅವರವರ ಕೈಗೆ, ಯಾರು ಎಲ್ಲಿಯಾದರೂ ಮಾರಲಿ ಎಂದರು. ಒಡೆದ ಹಂಡೆಯ ತಾಮ್ರ ತಾಮ್ರವಾಗಿಯೇ ಉಳಿಯುತ್ತದೆ, ಇದು ಹಾಗಲ್ಲ ಎಂದು ನಾನು ಹೇಳಿದೆ. ಆ ಕಾಲದ ಚೀಟಿಗಳಿಗೆ ನಡುವೆ ತೂತಿನ ಸಾಲಿಲ್ಲ, ಕತ್ತರಿ ಒಂದು ಎಳೆ ಆಚೀಚೆ ಹೋದರೂ ಅಂಚು ಹಾಳಾಗುತ್ತದೆ ಎಂದು ಕ್ಯಾಟಲಾಗ್ ತೆರೆದು ತೋರಿಸಿದೆ. ಆಗ ಅವರು ನಗುತ್ತಲೇ ಹೇಳಿದ ಮಾತು: “ಪ್ರಫುಲ್ಲಕ್ಕನಿಗೆ ಯಾಕಪ್ಪ ಇಷ್ಟು ಚಿಂತೆ? ಅವರ ಹಿಂದೆ ತಿನ್ನಲಿಕ್ಕೆ ಯಾರುಂಟು?”

ಸುಧಾಕರ, ಮದುವೆಯಾದ ಎರಡನೇ ವರ್ಷವೇ ಗಂಡನನ್ನು ಕಳೆದುಕೊಂಡವಳಿಗೆ, ಮಗಳಿಲ್ಲದವಳಿಗೆ, ನಮ್ಮ ಅಳಿಯಸಂತಾನದ ಮನೆಯಲ್ಲಿ ಏನು ಸ್ಥಾನ ಎಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ಹೆಣ್ಣು ಹುಟ್ಟಿದ ಕಡೆ ಮನೆ ಮುಂದುವರಿಯುತ್ತದೆ, ನನ್ನ ಕಡೆ ಅದು ನನ್ನಲ್ಲಿಗೇ ನಿಲ್ಲುತ್ತದೆ. ಆದರೆ ಆ ಲೆಕ್ಕದಲ್ಲಿ ನೀನೂ ನಾನೂ ಒಂದೇ. ನಿನ್ನ ಮಕ್ಕಳು ಅವರ ತಾಯಿಯ ಮನೆಯವರು, ಈ ಮನೆಯವರಲ್ಲ. ಮುಂಡಪ್ಪ ಭಾವನಂತೂ ಬೆಳ್ತಂಗಡಿಯಿಂದ ಬಂದ ನೆಂಟ. ನಮ್ಮ ಚಾವಡಿಯಲ್ಲಿ ನೆಂಟನೊಬ್ಬ ಆ ಮಾತು ಆಡಿದಾಗ ನೀನಾದರೂ ತಲೆ ಎತ್ತುತ್ತೀಯ ಎಂದು ನಿನ್ನ ಕಡೆ ನೋಡಿದೆ. ನೀನು ಎದ್ದು ಒಳಗೆ ಹೋದೆ. ಸಿಟ್ಟಿನಿಂದ ಹೋದೆ ಎಂದುಕೊಂಡೆ. ನೀನು ಬಿಸಿನೀರಿನ ತಂಬಿಗೆ ಹಿಡಿದು ಬಂದೆ.

ಪಾಲಿನಲ್ಲಿ ನನಗೆ ಒಂದು ತುಂಡು ಚೀಟಿ ಬಂತು. ನೆನೆದ ಕಾಗದವನ್ನೂ ಕೊಡಿ ಎಂದೆ. “ತಗೊಳ್ಳಿ ಟೀಚರಮ್ಮ, ಅದು ನಮ್ಮ ಕಡೆಯಿಂದ ಫುಕ್ಕಟೆ” ಎಂದರು ಭಾವ. ಆ ದಿನ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿ ಹರಡಿಕೊಂಡು, ಗಾಳಿಗೆ ಹಾರದ ಹಾಗೆ ಎರಡೂ ಅಂಗೈ ಊರಿ ಕೂತಿದ್ದೆ. ಸಿದ್ದಕಟ್ಟೆ ದಾಟುವಾಗ ಒಣಗಿತು. ಚೀಟಿ ಇದ್ದ ಜಾಗದ ಹಿಂಬದಿಯಲ್ಲೇ ಆ ಕೊನೆಯ ಸಾಲು ಇದ್ದದ್ದು. ಬಿಸಿನೀರಿಗೆ ಶಾಯಿ ಬಿಟ್ಟು, ಈಗ ಅಲ್ಲಿ ಬೂದು ಬಣ್ಣದ ಒಂದು ಕಲೆ ಇದೆ. ಓದುವುದಕ್ಕೆ ಏನೂ ಇಲ್ಲ. ನನಗೆ ಬಾಯಿಪಾಠ ಇರುವುದರಿಂದ ಅದು ಇನ್ನೂ ಇದೆ ಅಷ್ಟೇ.

ಇಲ್ಲಿ ನನ್ನದು ಬಸದಿಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಬೀದಿಯವರು ಒಳ್ಳೆಯವರು. ಹಬ್ಬಕ್ಕೆ ಪಾಯಸ ಕೊಡುತ್ತಾರೆ, ಜ್ವರ ಬಂದರೆ ವಿಚಾರಿಸುತ್ತಾರೆ. ಆದರೆ ಎಲ್ಲರಿಗೂ ನಾನು ಟೀಚರ್. ಶಾಲೆಯಲ್ಲಿ ಪುಸ್ತಕದ ಕನ್ನಡ, ಅಂಗಡಿಯಲ್ಲಿ ಸಾಮಾನಿನ ಮಾತು. ತುಳುವಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಈ ಊರಿನಲ್ಲಿಲ್ಲ. ಬೇಸಗೆ ರಜೆ ಸಿಕ್ಕಿದರೆ ಆ ಪುಸ್ತಕದ ಕನ್ನಡವೂ ನಿಲ್ಲುತ್ತದೆ. ಕಳೆದ ವಾರ ಹಾಲಿನವಳು ಬಾರದ ದಿನ, ಸಂಜೆ ದೀಪ ಹಚ್ಚುವಾಗ, ಬೆಳಿಗ್ಗೆಯಿಂದ ನಾನು ಒಂದು ಮಾತೂ ಆಡಿಲ್ಲ ಎಂದು ಗೊತ್ತಾಯಿತು. ತಲಚೇರಿಯಿಂದ ಬರೆದ ಆ ಹುಡುಗನಿಗೆ ಮನೆಯಿಂದ ಉತ್ತರ ಹೋಗಿತ್ತೋ ಇಲ್ಲವೋ, ತಿಳಿಯುವ ದಾರಿ ಇಲ್ಲ. ಬಂದ ಕಾಗದಗಳು ಮಾತ್ರ ತಂತಿಯಲ್ಲಿ ಉಳಿಯುತ್ತವೆ, ಕಳಿಸಿದವು ಉಳಿಯುವುದಿಲ್ಲ.

ಇದನ್ನು ನಿನಗೆ ಬರೆಯಬೇಕೆಂದಿರಲಿಲ್ಲ. ವಿಷಯಕ್ಕೆ ಬರುತ್ತೇನೆ.

ಒಳ್ಳೆಯ ಬೆಲೆ ಬಂತು ಎಂದು ಬರೆದಿದ್ದೀಯ. ಬಂತು, ನನಗೆ ಗೊತ್ತಿದೆ. ಫರಂಗಿಪೇಟೆಯ ವ್ಯಾಪಾರಿ ಅಬೂಬಕ್ಕರ್, ಬೊಂಬಾಯಿಯ ಯಾವನೋ ಸೇಠನಿಗೆ ಬೇಕಂತೆ ಎಂದು ಹೇಳಿ, ಸರಸಳ ತುಂಡನ್ನೂ ಶಶಿಪ್ರಭಾಳ ತುಂಡನ್ನೂ ಕೊಂಡುಹೋದ. ಚೌಕಾಸಿ ಮಾಡಲಿಲ್ಲವಂತೆ. ನೀನು ಮಾತ್ರ ನಿನ್ನದನ್ನು ಇನ್ನೂ ಕೊಟ್ಟಿಲ್ಲ ಎಂದು ಕೇಳಿದೆ. ಬೆಲೆ ಏರಲಿ ಎಂದು ಕಾಯುತ್ತಿದ್ದೀಯೋ ಏನೋ. ಸರಸಳ ಮಗಳ ಮದುವೆಗೆ ಬೆಳ್ತಂಗಡಿಗೆ ಹೋಗಿದ್ದಾಗ ಮುಂಡಪ್ಪ ಭಾವ ಊಟದ ಪಂಕ್ತಿಯ ನಡುವೆ ನಿಂತು, ಎಲ್ಲರಿಗೂ ಕೇಳುವ ಹಾಗೆ, “ಟೀಚರಮ್ಮ, ನಿಮ್ಮ ಕ್ಯಾಟಲಾಗ್ ಈಗ ಏನು ಹೇಳ್ತದೆ? ತುಂಡಿಗೇ ಇಷ್ಟು ಸಿಕ್ಕಿತಲ್ಲ!” ಎಂದರು. ಎಲೆಯ ಮೇಲೆ ಅನ್ನ ಇತ್ತು. ಅನ್ನದ ಮುಂದೆ ಜಗಳ ಬೇಡವೆಂದು ಸುಮ್ಮನಾದೆ. ಸುಮ್ಮನಾಗುವುದಕ್ಕೆ ಇನ್ನೊಂದು ಕಾರಣವೂ ಇತ್ತು.

ಈಗ ಎರಡನೆಯ ತಂತಿ. ಅದರಲ್ಲಿರುವುದು ನೋಣಯ್ಯಜ್ಜನ ಕೊನೆಗಾಲದ ಕಾಗದಗಳು. ಅವಕ್ಕೆ ಕತ್ತರಿ ಇನ್ನೂ ತಾಗಿಲ್ಲ. ನನ್ನ ಮಾತು ಹೀಗಿದೆ. ತಂತಿಯನ್ನು ಇಡಿಯಾಗಿ ಬೊಂಬಾಯಿಯ ಹರಾಜಿಗೆ ಕಳಿಸುವ. ಅಂಚೆಯ ಮೇಲೆ ನಂಬಿಕೆ ಇಲ್ಲದಿದ್ದರೆ ನಿಮ್ಮಲ್ಲಿ ಇಬ್ಬರು ಒಟ್ಟಿಗೆ ಹೋಗಿ ಕೊಟ್ಟು ಬನ್ನಿ, ಒಬ್ಬರನ್ನೊಬ್ಬರು ಕಾದ ಹಾಗೂ ಆಗುತ್ತದೆ. ಹಣ ಒಬ್ಬರ ಹೆಸರಿಗೆ ಬೇಡ. ನಾಲ್ವರ ಹೆಸರಿಗೂ ಬೇರೆ ಬೇರೆ ಡ್ರಾಫ್ಟ್ ಕಳಿಸಲು ಅವರು ಒಪ್ಪಿದ್ದಾರೆ. ಆ ಕಾಗದ ನನ್ನ ಬಳಿ ಇದೆ, ತರುತ್ತೇನೆ. ನನ್ನ ಪಾಲನ್ನು ನೀವು ಮೂವರೇ ಹಂಚಿಕೊಳ್ಳಿ, ನನ್ನ ಹಿಂದೆ ತಿನ್ನುವವರು ಇಲ್ಲ ಎನ್ನುವುದು ಸತ್ಯವೇ. ಅದರ ಬದಲು ನನಗೆ ಬೇಕಾದದ್ದು ಒಂದು. ಕಳಿಸುವ ಮೊದಲು ಆ ತಂತಿ ಈ ರಜೆಯಷ್ಟು ದಿನ ನನ್ನ ಬಳಿ ಇರಲಿ. ಪ್ರತಿಯೊಂದು ಕಾಗದವನ್ನೂ ನಾನು ಕೈಯಿಂದ ನಕಲು ಮಾಡಿಕೊಳ್ಳುತ್ತೇನೆ. ಅಸಲು ಯಾರದ್ದಾದರೂ ಆಗಲಿ. ಆ ಮಾತುಗಳು ನೀರಿಗೆ ಹೋಗಬಾರದು.

ಈ ಕಾಗದವನ್ನು ಓದಿ ಪೆಟ್ಟಿಗೆಯಲ್ಲಿ ಹಾಕಿಡಬೇಡ. ಗುಟ್ಟಾಗಿ ಇನ್ನೊಂದು ಕಾರ್ಡು ಬರೆದು ಸಮಾಧಾನ ಮಾಡಲೂ ಬೇಡ. ಹದಿನಾಲ್ಕನೇ ತಾರೀಕು, ದೈವಕ್ಕೆ ತಂಬಿಲ ಕೊಟ್ಟು ಎಲ್ಲರೂ ಚಾವಡಿಯಲ್ಲಿ ಕೂತ ಮೇಲೆ, ಎದ್ದು ನಿಂತು ಗಟ್ಟಿಯಾಗಿ ಓದು. ಮೊದಲ ಬಸ್ಸಿಗೆ ನಾನೂ ಬರುತ್ತೇನೆ. ಅಂದು ನನ್ನ ಬಗ್ಗೆ ಆ ಮಾತು ಬಂದಾಗ ಯಜಮಾನನಾದವನು ಯಾಕೆ ಬಾಯಿ ಬಿಡಲಿಲ್ಲ, ಈ ಸಲ ಕತ್ತರಿಗೆ ಒಪ್ಪುತ್ತಾನೋ ಇಲ್ಲವೋ, ಇವೆರಡಕ್ಕೂ ಉತ್ತರವನ್ನು ನಾನು ಅಲ್ಲಿಯೇ, ಎಲ್ಲರ ಎದುರು ಕೇಳಬೇಕು.

ಮಕ್ಕಳಿಗೆ ನನ್ನ ಮುದ್ದು. ಚಿಕ್ಕವನ ಕಿವಿನೋವು ಹೇಗಿದೆ ಎಂದು ನೀನು ಬರೆದಿಲ್ಲ.

ಇತಿ,
ನಿನ್ನ ಅಕ್ಕ
ಪ್ರಫುಲ್ಲಾ

ಮತ್ತೆ ಬರೆದದ್ದು: ಕಾಗದ ಮಡಚಿದ ಮೇಲೆ ಪುನಃ ಬಿಡಿಸಿದೆ. ಕಾರಣ ಹೇಳದೆ ಉತ್ತರ ಕೇಳುವುದು ನ್ಯಾಯವಲ್ಲ.

ಬೊಂಬಾಯಿಯಲ್ಲಿ ಅಂಥ ಸೇಠ್ ಯಾರೂ ಇಲ್ಲ. ಆ ತುಂಡುಗಳನ್ನು ಕೊಂಡವಳು ನಾನು. ಅಬೂಬಕ್ಕರ್‌ನನ್ನು ದೂರಬೇಡ. ಅವನಿಗೆ ಹಣ ಕೊಟ್ಟು, ಸೇಠನ ಕಥೆ ಹೇಳಿಕೊಟ್ಟವಳು ನಾನೇ. “ತುಂಡು ಮಾಡಿದ್ದಕ್ಕೆ ಯಾರಾದರೂ ಇಷ್ಟು ಕೊಡ್ತಾರಾ ಟೀಚರೆ? ಸುಳ್ಳು ಹೇಳಿದ ಪಾಪ ನಿಮ್ಮ ತಲೆಗೇ, ನನ್ನದಕ್ಕಲ್ಲ” ಎಂದು ಅವನು ಗೊಣಗಿದ, ಆದರೂ ಹೋದ. ಅಮ್ಮ ನನಗೆ ಹಾಕಿದ ಬಳೆಗಳು ಅದಕ್ಕೆ ಹೋದವು. ನನ್ನ ಹೆಸರು ಹೇಳಿದ್ದರೆ ಸರಸ ಕೊಡುತ್ತಿರಲಿಲ್ಲ, ಇಲ್ಲವೇ ಸುಮ್ಮನೆ ಕೊಟ್ಟು ಜೀವಮಾನವಿಡೀ ಹೇಳಿಕೊಳ್ಳುತ್ತಿದ್ದಳು.

ಚೀಟಿಗಳನ್ನು ಮೊದಲಿದ್ದ ಜಾಗದಲ್ಲೇ, ನಮ್ಮ ಹುಟ್ಟಿನ ಕ್ರಮದಲ್ಲಿ, ಗಂಜಿಯ ಅಂಟಿನಿಂದ ಹಚ್ಚಿದ್ದೇನೆ. ನನ್ನದು, ಸರಸಳದ್ದು, ಆಮೇಲೆ ಒಂದು ಖಾಲಿ ಜಾಗ, ಕೊನೆಗೆ ಶಶಿಪ್ರಭಾಳದ್ದು. ಕ್ಯಾಟಲಾಗಿನ ಪ್ರಕಾರ ಇದಕ್ಕೆ ಈಗ ಬೆಲೆಯೇ ಇಲ್ಲ. ಖಾಲಿ ಇರುವುದು ನಿನ್ನ ಜಾಗ. ಅಬೂಬಕ್ಕರ್ ಎರಡು ಸಲ ಬಂದರೂ ನೀನು ಯಾಕೆ ಕೊಡಲಿಲ್ಲ? ಬೆಲೆಗಾಗಿ ಎಂದು ಮೇಲೆ ಬರೆದೆ. ನನ್ನ ಮನಸ್ಸು ಬೇರೆ ಏನನ್ನೋ ಹೇಳುತ್ತದೆ, ಅದು ಸುಳ್ಳಾದರೆ ತಡೆದುಕೊಳ್ಳುವುದು ಕಷ್ಟ.

ನಾನು ಕೊಟ್ಟ ಬೆಲೆಯೇ ಎರಡನೆಯ ತಂತಿಯ ಬುಡಕ್ಕೆ ಕತ್ತರಿಯನ್ನು ತಂದು ನಿಲ್ಲಿಸೀತು ಎಂದು ನನಗೆ ಹೊಳೆದಿರಲಿಲ್ಲ. ನಿನ್ನ ಕಾರ್ಡು ಬಂದ ಮೇಲೆ ಹೊಳೆಯಿತು. ಇನ್ನು ನನ್ನ ಬಳಿ ಬಳೆ ಇಲ್ಲ. ಹಾಗಾಗಿ ಈ ಸಾಲುಗಳನ್ನೂ ಬಿಡದೆ ಚಾವಡಿಯಲ್ಲಿ ಓದು. ಓದಿದ ಮೇಲೆ, ದೈವದ ಮುಂದೆ, ಎಲ್ಲರಿಗೂ ಕೇಳುವ ಹಾಗೆ ನಿನ್ನ ಮುಂಡಪ್ಪ ಭಾವ ಹೇಳಲಿ, ಸರಸ ಹೇಳಲಿ, ನೀನೂ ಹೇಳು: ಈ ಸಲ ತುಂಡುಗಳನ್ನು ಕೊಳ್ಳುವವರು ಯಾರು?